ಎಷ್ಟನೇ ದಿನ ಎಂದು ಕೇಳದ ಕಿಟಕಿ

ನಮ್ಮ ಹೆಂಗಸರ ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಇಪ್ಪತ್ತಮೂರು ವರ್ಷ ಕೂತವಳ ಬಗ್ಗೆ ಈಗ ಎರಡು ಮಾತು ಓಡಾಡುತ್ತಿವೆ. ಸಾಕಿದ ಮಗಳನ್ನು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬುದು ಒಂದು. ಸರ್ಕಾರದ ದುಡ್ಡು ಉಳಿಸಲು ಹೋಗಿ ಮಗಳನ್ನೇ ಕಳೆದುಕೊಂಡಳು ಎಂಬುದು ಇನ್ನೊಂದು. ಹಾಗೆ ಆಡುವವರ ಬಾಯಿಗೆ ಬೀಗ ಹಾಕುವ ಶಕ್ತಿ ನನಗಿಲ್ಲ. ಆದರೆ ಅವಳ ಪಕ್ಕದ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಸೂಜಿ ಚುಚ್ಚಿದ ನರ್ಸು ನಾನು. ನಡೆದದ್ದನ್ನು ನಡೆದಂತೆ ಹೇಳುವಷ್ಟು ಹಕ್ಕು ನನಗಿದೆ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯಲ್ಲಿ ನನ್ನನ್ನು ಮೆಣಸಿನಕಾಯಿ ಸಿಸ್ಟರ್ ಎನ್ನುತ್ತಾರೆ, ಬೆನ್ನ ಹಿಂದೆಯಲ್ಲ, ಮುಖದ ಮೇಲೆಯೇ.

ಅವಳನ್ನು ಎಲ್ಲರೂ ಕಿಟಕಿ ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆಯಾಗಲಿಲ್ಲ. ತಂಗಿ ಹೆರಿಗೆಯಲ್ಲಿ ತೀರಿಕೊಂಡಾಗ, ಆ ತಂಗಿಯ ಗಂಡ ಮಗುವಿನ ಮುಖವನ್ನೂ ಸರಿಯಾಗಿ ನೋಡದೆ ಬೇರೆ ದಾರಿ ಹಿಡಿದಾಗ, ಎಂಟು ದಿನದ ಕೂಸನ್ನು ಇವಳೇ ಮಡಿಲಿಗೆ ಹಾಕಿಕೊಂಡಳು. ಕೂಸು ಅಂಗೈಯಗಲ ಇತ್ತಂತೆ. ಅದಕ್ಕೇ ಗುಬ್ಬಿ ಎಂದು ಕರೆದಳು, ಆ ಹೆಸರೇ ನಿಂತಿತು. ಗುಬ್ಬಿ ಇವಳನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದಳು. ಅಮ್ಮ ಎಂದು ಕರೆಸಿಕೊಳ್ಳಬಹುದಿತ್ತು. "ಹೆತ್ತವಳು ನನ್ನ ತಂಗಿ ಕಣೇ, ಆ ಪದ ಅವಳಿಗೇ ಇರಲಿ," ಎನ್ನುತ್ತಿದ್ದಳು.

ಅಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಕಿಟಕಿ ಒಬ್ಬ ಮುದಿ ಕಂಪೌಂಡರನದು. ಅವನ ಗಂಟಲು ಮೂರು ವಾರ್ಡಿಗೆ ಕೇಳಿಸುತ್ತಿತ್ತಂತೆ. ಬಸಿರು ತಡೆಯುವ ತುರ್ತು ಮಾತ್ರೆ ಬೇಕು ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, "ಯಾವತ್ತು ಆಯ್ತಮ್ಮ? ಮದುವೆ ಆಗಿದೆಯಾ? ಗಂಡ ಎಲ್ಲಿ?" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ವಿಚಾರಣೆ ಶುರು ಮಾಡುತ್ತಿದ್ದ. ಒಂದು ದಿನ ಒಬ್ಬ ಹೆಂಗಸು ಉತ್ತರ ಕೊಡಲಾಗದೆ, ಕೈಗೆ ಬಂದ ಮಾತ್ರೆಯನ್ನೂ ಅಲ್ಲೇ ಬಿಟ್ಟು ಓಡಿಹೋದಳು. ಎರಡೂವರೆ ತಿಂಗಳ ಮೇಲೆ ಅದೇ ಹೆಂಗಸು ಬಸುರಿಯರ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅಕ್ಕ ಅದನ್ನು ನೋಡಿದಳು, ಮನಸ್ಸಿಗೆ ಹಚ್ಚಿಕೊಂಡಳು.

ಕಂಪೌಂಡರ್ ನಿವೃತ್ತನಾದ ಮಾರನೇ ದಿನವೇ ಅವಳು ಪಡಸಾಲೆಯ ತುದಿಗಿದ್ದ ಚಿಕ್ಕ ಕಿಟಕಿಯನ್ನು ತೆರೆಸಿ, ಗಾಜಿಗೆ ಒಳಗಿನಿಂದ ರಟ್ಟು ಅಂಟಿಸಿದಳು. ಕೆಳಗೆ ಒಂದು ಗೇಣು ಜಾಗ ಮಾತ್ರ. ಹೊರಗಿನಿಂದ ಕೈ ಬರಬೇಕು, ಒಳಗಿನಿಂದ ಮಾತ್ರೆ ಹೋಗಬೇಕು. ಹೆಸರಿಲ್ಲ, ಮುಖವಿಲ್ಲ, ಪ್ರಶ್ನೆಯಿಲ್ಲ. ಮಾತ್ರೆಯ ಜೊತೆ ಒಂದು ಚೀಟಿ, ಅದರಲ್ಲಿ ಹೇಗೆ ನುಂಗಬೇಕು, ಎಷ್ಟು ಬೇಗ ನುಂಗಬೇಕು ಎಂಬ ನಾಲ್ಕು ಸಾಲು. "ಕೇಳಲ್ಲ, ಕೊಡ್ತೀನಿ" ಎಂಬುದು ಅವಳ ಕಾನೂನು. ಒಂದೇ ವರ್ಷದಲ್ಲಿ ಬರುವವರ ಸಂಖ್ಯೆ ಮೂರು ಪಟ್ಟಾಯಿತು. ದೂರ ದೂರದಿಂದ ಬಸ್ಸು ಹತ್ತಿ ಬರುತ್ತಿದ್ದರು. ಆ ಕಿಟಕಿಯಿಂದ ಎಷ್ಟು ಹೆಂಗಸರ ಮರ್ಯಾದೆ ಉಳಿಯಿತು, ಎಷ್ಟು ಜೀವ ಉಳಿಯಿತು, ಈಗ ಮಾತಾಡುವವರು ಯಾರೂ ಎಣಿಸಲಿಲ್ಲ.

ಒಂದು ತೊಡಕಿತ್ತು. ರಿಜಿಸ್ಟರಿನಲ್ಲಿ "ಎಷ್ಟನೇ ದಿನ" ಎಂಬ ಖಾನೆ ಇತ್ತು. ಗಂಡಿನ ಸಂಪರ್ಕವಾದ ಎಷ್ಟನೇ ದಿನಕ್ಕೆ ಹೆಂಗಸು ಮಾತ್ರೆ ಪಡೆದಳು ಎಂದು ಅಲ್ಲಿ ಬರೆಯಬೇಕು. ಖಾಲಿ ಬಿಟ್ಟರೆ ತಿಂಗಳ ವರದಿ ಮುಖ್ಯ ಕಚೇರಿಯಿಂದ ವಾಪಸ್ ಬರುತ್ತಿತ್ತು. ಕೇಳುವುದಿಲ್ಲ ಎಂದು ಹಟ ಹಿಡಿದವಳು ಏನು ಬರೆದಾಳು? ಎಲ್ಲರ ಎದುರಿಗೂ ಒಂದು ಎಂದು ಬರೆದಳು. ಮೊದಲ ದಿನ, ಮೊದಲ ದಿನ, ಮೊದಲ ದಿನ. ನಾನೂ ನೋಡಿದ್ದೆ. ಯಾರಪ್ಪನ ಗಂಟು ಹೋಯಿತು ಎಂದು ಸುಮ್ಮನಿದ್ದೆ.

ಇಲ್ಲಿ ಸ್ವಲ್ಪ ವಿಷಯ ಹೇಳಬೇಕು, ಮುಖ ಕೆಂಪಗೆ ಮಾಡಿಕೊಳ್ಳದೆ ಓದಿ. ತಪ್ಪಿ ಬಸಿರಾಗುವ ಭಯವಿದ್ದಾಗ ತುರ್ತಾಗಿ ಮಾಡಬಹುದಾದದ್ದು ನಮ್ಮ ಆಸ್ಪತ್ರೆಯಲ್ಲಿ ಮೂರು ಇದ್ದವು. ಒಂದು ಅಗ್ಗದ ಮಾತ್ರೆ. ಮೂರು ದಿನದೊಳಗೆ, ಅದರಲ್ಲೂ ಮೊದಲ ದಿನವೇ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಅದರ ಬಲ ಕುಂದುತ್ತದೆ. ಎರಡನೆಯದು ದುಬಾರಿ ಮಾತ್ರೆ, ಅದು ಐದನೇ ದಿನದವರೆಗೂ ಕೈ ಹಿಡಿಯುತ್ತದೆ. ಅಗ್ಗದ್ದು ಒಂದು ಬಸ್ ಟಿಕೆಟಿನಷ್ಟು ಬೆಲೆಯದಾದರೆ ಇದು ಅದರ ಏಳರಷ್ಟು. ಮೂರನೆಯದು ತಾಮ್ರದ ಸಾಧನ, ಎಲ್ಲರ ಬಾಯಲ್ಲಿ ವಂಕಿ. ಐದು ದಿನದೊಳಗೆ ಗರ್ಭಕೋಶದಲ್ಲಿ ಕೂರಿಸಿದರೆ ಮೂರರಲ್ಲೂ ಅದರ ಭರವಸೆಯೇ ಹೆಚ್ಚು, ಮುಂದೆ ಹತ್ತು ವರ್ಷದವರೆಗೂ ಇಟ್ಟುಕೊಳ್ಳಬಹುದು. ಆದರೆ ಅದಕ್ಕೆ ಕೋಣೆ ಬೇಕು, ಕುದಿಸಿದ ಸಲಕರಣೆ ಬೇಕು, ತರಬೇತಿ ಪಡೆದ ಕೈ ಬೇಕು. ಆ ಕೈ ನನ್ನದಾಗಿತ್ತು. ಕಿಟಕಿಯಿಂದ ಹೋಗುತ್ತಿದ್ದುದು ಅಗ್ಗದ ಮಾತ್ರೆ, ಉಳಿದೆರಡು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ.

ಒಂದು ವರ್ಷ ಔಷಧಿಗೆ ಬಂದ ಹಣ ಹತ್ತನೇ ತಿಂಗಳಿಗೇ ಮುಗಿಯಿತು. ಎರಡು ತಿಂಗಳು ಕಿಟಕಿಯ ಗೇಣು ಜಾಗದಲ್ಲಿ ಕೈಗಳು ಬರುತ್ತಿದ್ದವು, ಬರಿದಾಗಿ ಹೋಗುತ್ತಿದ್ದವು. ಆ ಎರಡು ತಿಂಗಳು ಅಕ್ಕ ಸರಿಯಾಗಿ ಊಟ ಮಾಡಲಿಲ್ಲ. "ದುಬಾರಿ ಮಾತ್ರೆ ಒಂದು ತರೋ ದುಡ್ಡಲ್ಲಿ ಏಳು ಜನರಿಗೆ ಕೊಡಬಹುದಿತ್ತು ಕಣೇ. ಏಳು ಜನ," ಎಂದು ನನ್ನ ತಲೆ ತಿಂದಳು. ಯಾವುದಕ್ಕೆ ಎಷ್ಟು ಖರ್ಚು, ಯಾವುದರಿಂದ ಎಷ್ಟು ಬಸಿರು ತಪ್ಪುತ್ತದೆ, ಒಂದು ಬಸಿರು ತಪ್ಪಿಸಲು ಯಾವುದು ಅಗ್ಗ ಎಂದು ಒಂದು ಪಟ್ಟಿ ಮಾಡಿ ಖರೀದಿ ಸಮಿತಿಯ ಮುಂದಿಡುವುದು ಎಂದು ತೀರ್ಮಾನಿಸಿದಳು.

ಆ ಪಟ್ಟಿ ಹುಟ್ಟಿದ್ದು ಅವರ ಮನೆಯ ಊಟದ ಮೇಜಿನ ಮೇಲೆ. ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ, ಕೆಳಗೆ ಇಡೀ ದಿನ ಮಿಷನ್ನಿನ ಸದ್ದು. ಗುಬ್ಬಿ ಆಗ ಲ್ಯಾಬ್ ತರಬೇತಿಯ ಎರಡನೇ ವರ್ಷದಲ್ಲಿದ್ದಳು. ಅವಳು ಬಿಳಿ ಕೋಟು ಹಾಕಿಕೊಂಡು ನಮ್ಮ ಆಸ್ಪತ್ರೆಯ ಲ್ಯಾಬಿಗೆ ಬರುವುದನ್ನು ನೋಡಬೇಕು ಎನ್ನುವುದೊಂದೇ ಅಕ್ಕನ ಆಸೆ. ಬೇರೆ ಆಸೆಯನ್ನು ಅವಳು ಇಟ್ಟುಕೊಂಡದ್ದನ್ನೇ ನಾನು ಕಂಡಿಲ್ಲ. ಗುಬ್ಬಿಗೋ ದೊಡ್ಡಮ್ಮನನ್ನು ರೇಗಿಸದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. "ಆಂಟಿ, ನಮ್ಮ ದೊಡ್ಡಮ್ಮಂಗೆ ಕ್ಯಾಲ್ಕುಲೇಟರ್ ಜೊತೆ ಮದುವೆ ಮಾಡಿಸಿಬಿಡಿ. ಹುಡುಗ ಒಳ್ಳೆಯವನು, ಮಾತಾಡಲ್ಲ, ಕೇಳಿದ್ದಕ್ಕೆ ಉತ್ತರ ಕೊಡ್ತಾನೆ," ಎಂದು ನನ್ನ ಹತ್ತಿರ ಹೇಳಿ ನಕ್ಕಳು. ಅಕ್ಕ ಸ್ಕೇಲಿನಲ್ಲಿ ಒಂದು ಏಟು ಕೊಟ್ಟಳು, ಅದು ತಗಲಲಿಲ್ಲ.

ಪಟ್ಟಿ ಮಾಡಲು ಒಂಬತ್ತು ವರ್ಷದ ಅಂಕಿ ಬೇಕಾಯಿತು. ಮುಖ್ಯ ಕಚೇರಿಯಿಂದ ತರಿಸಿದಳು. ಅಚ್ಚುಕಟ್ಟಾಗಿ ಬೈಂಡ್ ಮಾಡಿದ ಪುಸ್ತಕ ಬಂತು. ಅದರಲ್ಲಿ, ನಮ್ಮ ಆಸ್ಪತ್ರೆಗೆ ಬರುವ ಹೆಂಗಸರು ನೂರಕ್ಕೆ ನೂರು ಮೊದಲ ದಿನವೇ ಬರುತ್ತಾರೆ ಎಂದಿತ್ತು. ಅವಳೇ ಬರೆದ ಸುಳ್ಳು ಅಚ್ಚಾಗಿ, ಮೊಹರು ಬಿದ್ದು, ಅವಳ ಮನೆಗೇ ವಾಪಸ್ ಬಂದಿತ್ತು. ಹಾಗೆ ಬಂದದ್ದು ನಿಜದಂತೆಯೇ ಕಾಣುತ್ತಿತ್ತು. ನಾನು ಒಮ್ಮೆ ಕೇಳಿದೆ, ಕೇಳಲಿಲ್ಲ ಎನ್ನುವಂತಿಲ್ಲ.

"ಎಲ್ಲರೂ ಮೊದಲ ದಿನಾನೇ ಬರ್ತಾರೇನಕ್ಕ?"

"ಹೆದರಿದವರು ತಡ ಮಾಡ್ತಾರೇನೇ? ಓಡಿ ಬರ್ತಾರೆ. ಒಂದೋ ಎರಡೋ ಇರಬಹುದು ಬಿಡು."

ನಾನು ಬಿಟ್ಟೆ. ಯಾಕೆ ಬಿಟ್ಟೆ ಎಂದೂ ಹೇಳುತ್ತೇನೆ. ಎಲ್ಲರೂ ಮೊದಲ ದಿನವೇ ಬರುವುದಾದರೆ ದುಬಾರಿ ಮಾತ್ರೆ ಬೇಡ, ತುರ್ತಿಗೆ ವಂಕಿಯೂ ಬೇಡ. ವಂಕಿ ಬೇಡವೆಂದರೆ ದಿನಕ್ಕೆ ಎರಡು ಗಂಟೆ ನನ್ನ ಸೊಂಟಕ್ಕೆ ಆರಾಮ. ಒಳಗೊಳಗೇ ಖುಷಿಪಟ್ಟವಳು ನಾನು. ಅಕ್ಕನನ್ನು ಬೈಯುವವರು ಮೊದಲು ನನ್ನನ್ನು ಬೈಯಲಿ.

ಪಟ್ಟಿಯ ಕೊನೆಯ ಸಾಲು ಹೀಗಿತ್ತು: ನಮ್ಮಲ್ಲಿಗೆ ಬರುವ ಹೆಂಗಸರಿಗೆ ಅಗ್ಗದ ಮಾತ್ರೆಯೊಂದೇ ಸಾಕು. ಆಸ್ಪತ್ರೆಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹನ್ನೆರಡು ಪ್ರತಿ ತೆಗೆಸಿದೆವು. ಅಂಗಡಿಯಲ್ಲಿ ಕೂರುತ್ತಿದ್ದವಳು ಗುಬ್ಬಿಯ ಜೀವದ ಗೆಳತಿ, ಶಾಲೆಯಿಂದ ಜೊತೆಗಿದ್ದವಳು. ಸಮಿತಿ ಒಪ್ಪಿತು, ಅಕ್ಕನನ್ನು ಹೊಗಳಿ ಒಂದು ಪತ್ರವೂ ಬಂತು. ನನ್ನ ವಂಕಿ ಕೋಣೆಯಲ್ಲಿ ಹಳೆಯ ಕುರ್ಚಿಗಳನ್ನು ಪೇರಿಸಿದರು. ಆಮೇಲೆ ಮಾತ್ರೆ ಯಾವ ತಿಂಗಳೂ ಮುಗಿಯಲಿಲ್ಲ, ಅದೂ ನಿಜ.

ಅದಾಗಿ ಎಂಟು ತಿಂಗಳಿಗೆ ಗುಬ್ಬಿ ಹೋದಳು.

ಒಂದು ಗುರುವಾರ ಬೆಳಿಗ್ಗೆ ಜ್ವರ ಎಂದು ಮಲಗಿದಳು. ಅಕ್ಕ ಜ್ವರದ ಮಾತ್ರೆ ಕೊಟ್ಟು ಕೆಲಸಕ್ಕೆ ಬಂದಳು. ಮಧ್ಯಾಹ್ನ ಕೆಳಗಿನ ಅಂಗಡಿಯ ಟೈಲರ್ ಫೋನ್ ಮಾಡಿದ, ಹುಡುಗಿ ಮೆಟ್ಟಿಲ ಮೇಲೆ ಬಿದ್ದಿದ್ದಾಳೆ, ಬಟ್ಟೆಯೆಲ್ಲ ರಕ್ತ ಎಂದು. ದೊಡ್ಡಾಸ್ಪತ್ರೆಗೆ ಸೇರಿಸಿದ ಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದರು. ಮೂರು ತಿಂಗಳು ತುಂಬಿತ್ತಂತೆ. ಯಾರೋ ಎಲ್ಲೋ ಒಂದು ಹಿತ್ತಲ ಕೋಣೆಯಲ್ಲಿ ಕೈ ಹಾಕಿ ತೆಗೆದಿದ್ದಾರೆ, ಪೂರ್ತಿ ತೆಗೆದಿಲ್ಲ, ನಂಜು ರಕ್ತಕ್ಕೆ ಏರಿದೆ ಎಂದರು. ನಮ್ಮ ಆಸ್ಪತ್ರೆಯಲ್ಲಿ ಅದನ್ನು ಕಾನೂನಿನ ಪ್ರಕಾರ, ಶುಚಿಯಾಗಿ, ಪುಕ್ಕಟೆ ಮಾಡುತ್ತಾರೆ. ಆದರೆ ಅಲ್ಲಿ ದೊಡ್ಡಮ್ಮ ಇರುತ್ತಾಳಲ್ಲ. ಶನಿವಾರ ಮಧ್ಯಾಹ್ನ ಮೂರಕ್ಕೆ ಗುಬ್ಬಿಯ ಉಸಿರು ನಿಂತಿತು. ಕೊನೆಯವರೆಗೂ ಯಾರ ಹೆಸರನ್ನೂ ಹೇಳಲಿಲ್ಲ. ಅವನು ಯಾರೇ ಆಗಿರಲಿ, ಅವನ ಬಗ್ಗೆ ಬರೆದು ನನ್ನ ಪೆನ್ನು ಹೊಲಸು ಮಾಡಿಕೊಳ್ಳಲಾರೆ.

ಅಕ್ಕ ಅಳಲಿಲ್ಲ. ಅದೇ ನನಗೆ ಹೆದರಿಕೆ. ಮೂರು ವಾರದ ಮೇಲೆ ಮರಣಪತ್ರದ ಪ್ರತಿ ಬೇಕಾಯಿತು, ಗುಬ್ಬಿಯ ಕಾಲೇಜಿಗೆ ಕೊಡಲು. ಇಬ್ಬರೂ ಎದುರಿನ ಜೆರಾಕ್ಸ್ ಅಂಗಡಿಗೆ ಹೋದೆವು. ಗೆಳತಿ ಹುಡುಗಿ ಕಾಗದ ಕೈಗೆ ತೆಗೆದುಕೊಂಡಳು, ಹೆಸರು ಓದಿದಳು, ಮಿಷನ್ನಿನ ಮುಚ್ಚಳ ಎತ್ತಿ ಹಾಗೇ ನಿಂತುಬಿಟ್ಟಳು. ಆಮೇಲೆ ಕಾಗದ ಇಡದೆಯೇ ಮುಚ್ಚಳ ಹಾಕಿದಳು.

"ನಾನೇ ಬಂದಿದ್ದು ದೊಡ್ಡಮ್ಮ, ನಿಮ್ಮ ಕಿಟಕಿಗೆ. ಅವಳು ಕಳಿಸಿದ್ದಳು."

ಅಕ್ಕ ನಿಂತಲ್ಲೇ ಕೇಳಿದಳು, "ಯಾವತ್ತು?"

"ಪರೀಕ್ಷೆ ಮುಗಿದ ವಾರ."

"ಅದಲ್ಲ ಮಗಳೇ. ಎಷ್ಟನೇ ದಿನ?"

ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆ ಅವಳ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹುಡುಗಿ ತಲೆ ತಗ್ಗಿಸಿ ನಾಲ್ಕು ಎಂದಳು. ಮೂರು ದಿನ ಇಬ್ಬರೂ ಹೆದರಿಕೊಂಡು ಏನು ಮಾಡುವುದೆಂದು ತಿಳಿಯದೆ ಕೂತಿದ್ದರಂತೆ.

"ಚೀಟೀಲಿ ಮೂರು ದಿನದೊಳಗೆ ಅಂತ ಇತ್ತು. ಅವಳು ತುಂಬ ಅತ್ತಳು. ನಾನೇ ಸಮಾಧಾನ ಮಾಡ್ದೆ. ನಿಮ್ಮ ಪಟ್ಟೀದು ಹನ್ನೆರಡು ಪ್ರತಿ ತೆಗೆದವಳು ನಾನೇ ಅಲ್ವಾ, ಕೊನೇಲಿ ಓದಿದ್ದೆ, ಬರೋರಿಗೆಲ್ಲ ಇದೊಂದೇ ಸಾಕು ಅಂತ ಬರೆದಿದ್ರಿ. ದೊಡ್ಡಮ್ಮ ಲೆಕ್ಕ ಹಾಕಿ ಬರೆದಿರೋದು ಸುಳ್ಳಾಗುತ್ತಾ ಅಂದೆ. ನುಂಗಿದಳು. ವಾರದ ಮೇಲೆ ಸ್ವಲ್ಪ ರಕ್ತ ಕಂಡಿತು, ಮುಟ್ಟಾದೆ ಅಂದುಕೊಂಡಳು. ಇಬ್ಬರೂ ಐಸ್‌ಕ್ರೀಂ ತಿನ್ನೋಕೆ ಹೋಗಿದ್ವಿ."

ಅಕ್ಕ ಕಾಗದ ವಾಪಸ್ ತೆಗೆದುಕೊಂಡಳು. "ನೀನಾದರೂ ನಂಗೆ ಹೇಳಬಾರದಿತ್ತೇನೇ?"

"ಹೇಳೋಣ ಅಂತಾನೇ ಬಂದಿದ್ದೆ. ನೀವು ಒಂದು ಮಾತು ಕೇಳಿದ್ರೆ, ಏನೇ ಕೇಳಿದ್ರೂ, ಎಲ್ಲಾ ಹೇಳಿಬಿಡೋಣ ಅಂತ ಕೈ ಹಾಗೇ ಇಟ್ಕೊಂಡು ನಿಂತಿದ್ದೆ. ನೀವು ಕೇಳ್ಲಿಲ್ಲ."

ಮರಣಪತ್ರದ ಪ್ರತಿ ತೆಗೆಯುವುದು ಮರೆತೇಹೋಯಿತು. ನನ್ನ ಕೈ ಹಿಡಿದು ಅಕ್ಕ ರಸ್ತೆ ದಾಟಿದಳು. ಸೀದಾ ತನ್ನ ಕೋಣೆಗೆ ಹೋಗಿ ಹಳೆಯ ರಿಜಿಸ್ಟರುಗಳನ್ನೆಲ್ಲ ಕೆಳಗಿಳಿಸಿದಳು. ಆ ವಾರದ ಪುಟ ಹುಡುಕಿದಳು. ಒಂಬತ್ತು ಜನ ಬಂದಿದ್ದರು, ಒಂಬತ್ತೂ ಸಾಲಿನ ಎದುರು ಒಂದು ಎಂದೇ ಇತ್ತು. ಅದರಲ್ಲಿ ಗುಬ್ಬಿಯದು ಯಾವುದು ಎಂದು ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಬೆರಳಿಟ್ಟು ಒಂದೊಂದೇ ಸಾಲನ್ನು ಸವರುತ್ತಾ ಕೂತಳು. ನಾನು ಎದ್ದು ಹೊರಗೆ ಬಂದೆ.

ಮಾರನೇ ವಾರ ಕಿಟಕಿಯ ರಟ್ಟು ಕಿತ್ತಳು. ಮಾತ್ರೆಗೆ ಬಂದವರನ್ನು ಒಬ್ಬೊಬ್ಬರನ್ನೇ ನನ್ನ ಸೂಜಿ ಕೋಣೆಗೆ ಕಳಿಸತೊಡಗಿದಳು. ಅಲ್ಲಿ ಬಾಗಿಲು ಹಾಕಿ, ನೀರು ಕೊಟ್ಟು, ಅವಳೇ ಬಂದು ಎದುರಿಗೆ ಕೂತು ಕೇಳುತ್ತಿದ್ದಳು. "ಹೆಸರು ಬೇಡಮ್ಮ. ಎಷ್ಟು ದಿನ ಆಯ್ತು ಅದೊಂದು ಹೇಳು, ನಿನಗೆ ಯಾವುದು ಸರಿ ಅಂತ ನೋಡೋದಕ್ಕೆ." ಮೊದಲು ಬರುವವರು ಕಡಿಮೆಯಾಗುತ್ತಾರೆ ಎಂದು ನಾನು ಹೆದರಿದ್ದೆ. ಸ್ವಲ್ಪ ಕಡಿಮೆಯಾದರು, ಸುಳ್ಳು ಹೇಳುವುದಿಲ್ಲ. ಆದರೆ ಬಂದವರು ಹೇಳಿದರು. ಮೆತ್ತಗೆ ಕೇಳಿದರೆ ಹೇಳುತ್ತಾರೆ ಎಂಬುದು ನಮಗಿಬ್ಬರಿಗೂ ಆಗಲೇ ತಿಳಿದದ್ದು. ಎರಡು ತಿಂಗಳಲ್ಲಿ ಎಂಬತ್ತನಾಲ್ಕು ಜನ, ಅದರಲ್ಲಿ ಹದಿನೇಳು ಜನ ಮೂರು ದಿನ ದಾಟಿದವರು. ಆ ಹದಿನೇಳು ಜನರನ್ನೂ ನಾವಿಬ್ಬರು ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ವಂಕಿಗೆ ಕಳಿಸಿದೆವು. ಕೆಲವರು ಹೋದರು, ಕೆಲವರು ಮುಂದಿನ ನಿಲ್ದಾಣದಲ್ಲೇ ಇಳಿದರೋ ಏನೋ.

ಆ ಅಂಕಿ ಹಿಡಿದು ಹೊಸ ಪಟ್ಟಿ ಮಾಡಿದಳು. ಈ ಸಲ ಕ್ಯಾಲ್ಕುಲೇಟರ್ ಒತ್ತಿದವಳು ನಾನು, ಅಂಕಿ ಓದಿ ಹೇಳಿದವಳು ಅವಳು. ಬೇಗ ಬಂದವರಿಗೆ ಅಗ್ಗದ ಮಾತ್ರೆ, ತಡವಾಗಿ ಬಂದವರಿಗೆ ವಂಕಿ, ವಂಕಿ ಬೇಡ ಎನ್ನುವವರಿಗೆ ಮಾತ್ರ ದುಬಾರಿ ಮಾತ್ರೆ. ಮಾತ್ರೆಯ ಬೆಲೆ ಮಾತ್ರ ನೋಡದೆ ತಪ್ಪಿಸಿದ ಬಸಿರನ್ನು ಎಣಿಸಿದರೆ, ವಂಕಿ ಹತ್ತು ವರ್ಷ ಕಾಯುವುದನ್ನೂ ಸೇರಿಸಿದರೆ, ಎಲ್ಲಕ್ಕಿಂತ ಅಗ್ಗದ್ದು ವಂಕಿಯೇ ಆಗಿತ್ತು. ಇಡೀ ವರ್ಷಕ್ಕೆ ಹೆಚ್ಚಿಗೆ ಬೇಕಾದ ಹಣ ಖರೀದಿ ಸಮಿತಿಯ ಚಹಾ ಬಿಸ್ಕತ್ತಿನ ಖರ್ಚಿಗಿಂತ ಕಡಿಮೆ. ಇದು ನನ್ನ ಕುಹಕವಲ್ಲ, ಕೂಡಿ ನೋಡಿದ್ದೇನೆ.

ಹಳೆಯ ಖಾನೆ ಪೂರ್ತಿ ಸುಳ್ಳು ಎಂದು ಒಪ್ಪಿಕೊಳ್ಳದೆ ಹೊಸ ಪಟ್ಟಿ ಕೊಡುವಂತಿರಲಿಲ್ಲ. ನಾನು ತಡೆದೆ. "ಸುಮ್ನಿರಕ್ಕ, ನೌಕರಿಗೇ ಕುತ್ತು ಬರುತ್ತೆ. ಪಿಂಚಣಿಗೆ ಇನ್ನು ಆರೇ ವರ್ಷ."

"ಯಾರಿಗೋಸ್ಕರ ಕಣೇ ಪಿಂಚಣಿ?" ಎಂದಳು.

ಸಮಿತಿಯ ದಿನ ಅವಳ ಜೊತೆ ನಾನೂ ಹೋದೆ. ಉದ್ದನೆಯ ಮೇಜು, ಏಳು ಜನ, ನಡುವೆ ಲೆಕ್ಕದ ಸಾಹೇಬರು. ಒಳ್ಳೆಯ ಮನುಷ್ಯರೇ, ಹೋದ ಸಲ ಹೊಗಳಿ ಪತ್ರ ಬರೆದವರು ಅವರೇ. ಅಕ್ಕ ಪಟ್ಟಿ ಕೊಟ್ಟು, ಇಷ್ಟು ವರ್ಷವೂ ತಾನು ಯಾರನ್ನೂ ಕೇಳದೆ ಒಂದು ಎಂದು ಬರೆದದ್ದನ್ನು ಹೇಳಿದಳು. ಯಾರೂ ಕೂಗಾಡಲಿಲ್ಲ. ಸಾಹೇಬರು ಎರಡೂ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಿದರು.

"ಹಿಂದೆ ತಡವಾಗಿ ಬಂದವರು ಒಟ್ಟು ಎಷ್ಟು ಜನ ಇರಬಹುದಮ್ಮ?"

"ಗೊತ್ತಿಲ್ಲ ಸಾರ್. ಒಬ್ಬಳು ಮಾತ್ರ ಗೊತ್ತು. ನಮ್ಮನೆಯವಳು. ಮಾತ್ರೆ ಕೊಟ್ಟಿದ್ದು ನಾನೇ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕಪಕ್ಕದವರನ್ನು ಒಮ್ಮೆ ನೋಡಿ, ಹೊಸ ಪಟ್ಟಿಯ ಕೆಳಗೆ ಸಹಿ ಹಾಕಿದರು. ವಂಕಿ ಕೋಣೆ ಮತ್ತೆ ತೆರೆಯುವುದು, ದುಬಾರಿ ಮಾತ್ರೆ ವರ್ಷಕ್ಕೆ ಇಂತಿಷ್ಟು ತರಿಸುವುದು, ಖಾನೆಯ ವಿಚಾರಕ್ಕೆ ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ಹತ್ತು ನಿಮಿಷ ಹಿಡಿಯಿತು. ನಾವು ಏಳುವಾಗ ಅವರು ಮೃದುವಾಗಿಯೇ, ಸಮಾಧಾನ ಹೇಳುವವರಂತೆ ಅಂದರು, "ಇದೇನು ದೊಡ್ಡ ಮೊತ್ತ ಅಲ್ಲಮ್ಮ. ಆವತ್ತೇ ಕೇಳಿದ್ರೆ ಆವತ್ತೇ ಕೊಡ್ತಿದ್ವಿ."

ಹೊರಗೆ ಬಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಬಿಸಿಲು ಸುಡುತ್ತಿತ್ತು. ಅಕ್ಕ ಸಹಿಯಾದ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇಷ್ಟೇನಾ ಕಣೇ?" ಎಂದಳು. "ಇಷ್ಟು ಸುಲಭಾನಾ? ಕೇಳಿದ ತಕ್ಷಣ ಕೊಟ್ಟುಬಿಟ್ಟರಲ್ಲ."

ಆಮೇಲೆ ಅತ್ತಳು. ಮೂರು ತಿಂಗಳಿಂದ ಒಳಗೆ ಹಿಡಿದಿಟ್ಟುಕೊಂಡದ್ದೆಲ್ಲ ಬಂತು. ನಿಲ್ದಾಣದಲ್ಲಿದ್ದವರು ತಿರುಗಿ ನೋಡಿದರು, ನಾನು ಯಾರಿಗೂ ಏನೂ ಹೇಳಲಿಲ್ಲ. ನಮ್ಮ ಬಸ್ಸು ಬಂದು ನಿಂತಿತು, ಕಂಡಕ್ಟರ್ ಎರಡು ಸಲ ಕರೆದ, ಬಸ್ಸು ಹೋಯಿತು. ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಾನು ಅಲ್ಲೇ ಕೂತಿದ್ದೆ.